ಹದಿಮೂರನೇ ತಿಂಗಳ ಇಲಿ

ಮೂರು ವಾರಕ್ಕೊಮ್ಮೆ, ಮಾನ್ವಿಯಿಂದ ಹೊರಡುವ ಮೊದಲ ಬಸ್ಸಿನಲ್ಲಿ, ನನ್ನ ತಮ್ಮನ ಮಗಳು ರಕ್ತ ಹಾಕಿಸಿಕೊಳ್ಳಲು ರಾಯಚೂರಿಗೆ ಬರುತ್ತಿದ್ದಳು. ಜೊತೆಗೆ ಅವಳ ತಾಯಿ. ಬಸ್ ಸ್ಟ್ಯಾಂಡಿನಿಂದ ನೇರ ನನ್ನ ಮನೆಗೆ ಬಂದು, ಮಂಡಾಳ ಒಗ್ಗರಣಿ ತಿಂದು, ಆಮೇಲೆ ಮೂವರೂ ಆಟೋ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಆ ದಿನ ನಾನು ಕಾಲೇಜಿಗೆ ಅರ್ಧ ರಜೆ ಬರೆಯುತ್ತಿದ್ದೆ. ನನ್ನ ರಜೆಗಳೆಲ್ಲ ಹೀಗೆ ಕರಗುವುದನ್ನು ಕಂಡು ಸ್ಟಾಫ್ ರೂಮಿನಲ್ಲಿ ನಗುವವರೂ ಇದ್ದರು. ನಗಲಿ, ಅವರಿಗೇನು.

ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹುಡುಗಿ ಕೇಳುತ್ತಿದ್ದಳು:

"ಅತ್ತಿ, ನಿನ್ನ ಮದ್ದು ಆತೇನು?"

"ಇನ್ನಾ ಇಲ್ಲವ್ವ."

"ಯಾವಾಗ ಆಗತದ?"

"ಆಗತದ, ಆಗತದ. ಮೊದ್ಲು ಕೈ ತೊಳಕೊಂಡು ತಿನ್ನು ಬಾ."

ಮಾತು ಬಂದಾಗಿನಿಂದ, ಮೊದಮೊದಲು ಫೋನಿನಲ್ಲಿ, ಅವಳು ಇದನ್ನು ಕೇಳುತ್ತಲೇ ಇದ್ದಳು, ನಾನು ಇದನ್ನೇ ಹೇಳುತ್ತಲೇ ಇದ್ದೆ. ಆ ಮದ್ದಿನ ಕೆಲಸ ಎಂದೋ ನಿಂತುಹೋಗಿತ್ತು. ನಿಲ್ಲಲು ಕಾರಣಳಾದವಳೂ ನಾನೇ. ಇದನ್ನು ಅವಳಿಗಾಗಲಿ ಅವಳ ತಾಯಿಗಾಗಲಿ ನಾನು ಹೇಳಿರಲಿಲ್ಲ. ಹೇಳದೆ ಉಳಿದಿದ್ದರಿಂದ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ನಮ್ಮ ಊರು ಹಿರೇಕೊಟ್ನೆಕಲ್. ಅಪ್ಪ ಅವ್ವ ಕೂಲಿ ಮಾಡಿ ನಮ್ಮ ಮೂವರನ್ನು ಬೆಳೆಸಿದರು. ಅಕ್ಕನ ಓದು ಏಳನೇ ತರಗತಿಗೆ ನಿಂತಿತು, ಅವಳನ್ನು ದೇವದುರ್ಗಕ್ಕೆ ಕೊಟ್ಟರು. ನಾನು ಎಂಎಸ್ಸಿ ಮುಗಿಸಿ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಹೋದೆ. ತಮ್ಮ ಐಟಿಐ ಮಾಡಿ ಲೈನ್‌ಮನ್ ಆಗಿ ಮಾನ್ವಿಯಲ್ಲಿ ಮನೆ ಮಾಡಿದ. ಬಾಗಲವಾಡದ ಕಡೆಯ ಕಂಬಗಳೆಲ್ಲ ಅವನ ಪಾಲಿನವು. ಅಪ್ಪ ಗೋಡೆಗೆ ಬುದ್ಧನ ಪಟ ಹಾಕಿದ ಮೇಲೆ ದೇವರು ದಿಂಡಿರು, ಪಂಚಾಂಗ, ಗಳಿಗೆ ಎಲ್ಲ ಬಿಟ್ಟಿದ್ದ. ಆದರೆ ಅಕ್ಕನ ಮಗಳು ತಮ್ಮನಿಗೆ ಎಂಬುದನ್ನು ಮಾತ್ರ ಬಿಡಲಿಲ್ಲ. ಆ ಹುಡುಗಿ ಹುಟ್ಟಿದ ದಿನವೇ ಅವ್ವ ತೊಟ್ಟಿಲ ಬಳಿ ನಿಂತು ಮಾತು ಮುಗಿಸಿದ್ದಳು. ಆಗ ನನ್ನ ತಮ್ಮ ಚಡ್ಡಿ ಜಾರದಂತೆ ಕೈಯಲ್ಲಿ ಹಿಡಿದುಕೊಂಡು ಓಡಾಡುವ ವಯಸ್ಸಿನವನು.

ಮದುವೆ ಗೊತ್ತಾದಾಗ ನಾನು ಹೈದರಾಬಾದಿನಿಂದ ಬಂದಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತು, ಇಬ್ಬರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸೋಣ ಎಂದೆ. ಅವ್ವ ರೊಟ್ಟಿ ಬಿಟ್ಟು ನನ್ನ ಮುಖ ನೋಡಿದಳು.

"ಯಾರ ರಕ್ತ ನೋಡತೀಬೇ? ಆಕಿದೂ ನಮ್ಮ ರಕ್ತನ, ಇವಂದೂ ನಮ್ಮ ರಕ್ತನ. ಹೊರಗಿನ ಹೆಣ್ಣಾದ್ರ ನೋಡಬೇಕು."

ನಾನು ಪುಸ್ತಕದಲ್ಲಿ ಓದಿದ್ದನ್ನು ಅವ್ವ ಸರಿಯಾಗಿ ತಲೆಕೆಳಗು ಮಾಡಿ ಹೇಳಿದ್ದಳು. ನನಗೆ ನಗು ಬಂತು, ನಕ್ಕುಬಿಟ್ಟೆ. ಇನ್ನೊಂದು ಸಲ ಹೇಳಬಹುದಿತ್ತು. ತಮ್ಮನನ್ನು ಕರೆದುಕೊಂಡು ಹೋಗಿ ನಾನೇ ಮಾಡಿಸಬಹುದಿತ್ತು, ಒಂದು ಬೆಳಗಿನ ಕೆಲಸ. ಮದುವೆಯ ಮನೆಯಲ್ಲಿ ಅಪಶಕುನದ ಮಾತು ಆಡಿದವಳು ಎನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಶಕುನ ನಂಬದ ನನ್ನ ಧೈರ್ಯ ಅಷ್ಟೇ ಇತ್ತು. ಹೂವು ಹಾಕಿ, ಹೋಳಿಗೆ ಉಂಡು ರೈಲು ಹತ್ತಿದೆ. ಅಕ್ಕನ ಮಗಳು ನನಗೆ ತಮ್ಮನ ಹೆಂಡತಿಯೂ ಆದಳು. ಕರೆಯುವುದನ್ನು ಮಾತ್ರ ಬದಲಾಯಿಸಲಿಲ್ಲ, ಮೊದಲಿನ ಹಾಗೆ ಚಿಗವ್ವ ಎಂದೇ ಕರೆದಳು.

ಅವರ ಕೂಸು ಎಂಟನೇ ತಿಂಗಳಿಗೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಯಿತು. ಹಾಲು ಕುಡಿಯದು, ಕೂರದು. ರಾಯಚೂರಿನ ಮಕ್ಕಳ ಡಾಕ್ಟರು ರಕ್ತ ತೆಗೆದು ನೋಡಿ ಥಲಸೀಮಿಯಾ ಎಂದರು. ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಕಾಯಿಲೆ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನು ಅಡಗಿದ್ದು, ಎರಡೂ ಕೂಸಿನಲ್ಲಿ ಬಂದು ಸೇರಿದಾಗ ಆಗುವಂಥದ್ದು. ಬದುಕಿರುವವರೆಗೆ ಬೇರೆಯವರ ರಕ್ತ ಹಾಕುತ್ತಿರಬೇಕು. ಹಾಕಿದ ರಕ್ತದಲ್ಲಿನ ಕಬ್ಬಿಣ ಹೊರಗೆ ಹೋಗದೆ ಯಕೃತ್ತು, ಹೃದಯದಲ್ಲಿ ಕೂರುತ್ತದೆ. ಅದನ್ನು ಇಳಿಸಲು ದಿನಾ ಮಾತ್ರೆ. ನಾನು ಓಡಿ ಬಂದೆ. ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟಿದ್ದ ಪಟ್ಟಿಯನ್ನು ನೋಡುತ್ತ ಕೂತಿದ್ದ ತಾಯಿ ನನ್ನನ್ನು ಕಂಡು ಎದ್ದಳು. ಅವಳ ಮುಖ ನೋಡಲಾಗಲಿಲ್ಲ.

"ಚಿಂತಿ ಮಾಡಬ್ಯಾಡ," ಎಂದೆ. "ಇದಕ್ಕ ನಾವು ಮದ್ದು ಮಾಡಾಕತ್ತೀವಿ. ಹತ್ತು ವರ್ಷದಾಗ ಬರತದ."

ಹತ್ತು ಎಂಬುದು ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಯಾರೂ ಹಾಗೆ ಲೆಕ್ಕ ಹಾಕಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿದೆ, ಅದು ಮಾತ್ರ ಸರಿಯಾದದ್ದು: "ಮತ್ತೊಂದು ಸಲ ಬಸರಾದ್ರ ಎರಡನೇ ತಿಂಗಳದಾಗೇ ನನಗ ಹೇಳಬೇಕು. ಹೊಟ್ಯಾಗಿರತಲೇ ಪರೀಕ್ಷಿ ಮಾಡಸಾಕ ಬರತದ." ಅವಳು ಎರಡಕ್ಕೂ ತಲೆಯಾಡಿಸಿದಳು. ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದು ಮೊದಲನೆಯ ಮಾತನ್ನು. ಅವ್ವ ಮಾತ್ರ ಇದೆಲ್ಲ ಕಣ್ಣುದೃಷ್ಟಿ, ಬಸುರಾದ ಸುದ್ದಿಯನ್ನು ಮೂರನೇ ತಿಂಗಳಿಗೇ ಊರೆಲ್ಲ ಸಾರಿದ್ದರ ಫಲ ಎಂದು ಗೊಣಗುತ್ತಿದ್ದಳು. ಸಾರಿದವಳೂ ಅವಳೇ.

ನಾನು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ಅರ್ಥ ಮಾಡಿಕೊಂಡವನು ತಮ್ಮನೊಬ್ಬನೇ. ಒಂದು ಭಾನುವಾರ ಮಾನ್ವಿಯ ಮನೆಯ ಅಂಗಳದಲ್ಲಿ ತನ್ನ ಕೈಗವಸು, ಸೊಂಟದ ಬೆಲ್ಟು ಒರೆಸುತ್ತ ಕೂತಿದ್ದವನು ಕೇಳಿದ:

"ವೈರಸ್ಸು ಅಂದ್ರ ರೋಗ ಅಲ್ಲೇನಕ್ಕ? ರೋಗದಿಂದ ಮದ್ದು ಹೆಂಗ ಮಾಡತೀರಿ?"

"ರೋಗ ಮಾಡೋ ಭಾಗ ತೆಗೆದು ಒಗೀತೀವಿ. ಜೀವಕೋಶದ ಒಳಗ ಹೊಕ್ಕು, ಅದರ ಜೀನಿನ ಸಾಲಿನಾಗ ತಾನೂ ಕೂಡೋ ಗುಣ ಅದಕ್ಕಿರತದ. ಅದನ್ನಷ್ಟ ಉಳಿಸಿಕೊಂಡು ಬೆನ್ನ ಮ್ಯಾಲ ಒಳ್ಳೇ ಜೀನು ಹೊರಿಸಿ ಕಳಸತೀವಿ."

"ಎಲ್ಲಿ ಹೋಗಿ ಕೂಡತದ?"

"ಅದನ್ನ ಹೇಳಾಕ ಬರಂಗಿಲ್ಲ ನೋಡು. ಅದಕ್ಕ ಕೆಲಸ ಇಷ್ಟು ತಡ ಆಗಾಕತ್ತದ."

ಅವನು ಬಟ್ಟೆ ಕೆಳಗಿಟ್ಟ. ನಾನು ಬಿಡಿಸಿ ಹೇಳಿದೆ. ರೆಟ್ರೊವೈರಸ್ಸು ಎಂಬ ಈ ಜಾತಿಯ ವೈರಸ್ಸಿನ ಎರಡೂ ತುದಿಯಲ್ಲಿ ಒಂದೊಂದು ಬಲವಾದ ಸ್ವಿಚ್ಚು ಇರುತ್ತದೆ. ಕೋಶ ಬೆಳೆಯಲಿ ಎಂದು ಹೇಳುವ ಜೀನಿನ ಪಕ್ಕದಲ್ಲಿ ಅದು ಹೋಗಿ ಕೂತರೆ, ಆ ಸ್ವಿಚ್ಚು ಪಕ್ಕದ ಜೀನನ್ನೂ ಹೊತ್ತಿಸಿಬಿಡುತ್ತದೆ. ಕೋಶ ಬೆಳೆಯುತ್ತದೆ, ನಿಲ್ಲುವುದೇ ಇಲ್ಲ, ರಕ್ತದ ಕ್ಯಾನ್ಸರ್ ಆಗುತ್ತದೆ. ಹಿಂದೆ ಹೊರದೇಶದಲ್ಲಿ ಹೀಗೇ ಆಗಿ, ಒಂದು ಕಾಯಿಲೆಯಿಂದ ಪಾರಾದ ಕೆಲವು ಮಕ್ಕಳು ಇನ್ನೊಂದಕ್ಕೆ ಸಿಕ್ಕರು. ಅದಕ್ಕೇ ಈಗ ತುದಿಯ ಸ್ವಿಚ್ಚನ್ನು ಕತ್ತರಿಸಿ ಹಾಕುತ್ತೇವೆ, ಆಚೆ ಈಚೆ ತಡೆಗೋಡೆಯಂಥ ತುಣುಕುಗಳನ್ನು ಸೇರಿಸುತ್ತೇವೆ. ಆ ತುಣುಕಿಗೆ ಇನ್ಸುಲೇಟರ್ ಎಂದೇ ಹೆಸರು.

"ಇನ್ಸುಲೇಟರ್!" ತಮ್ಮ ಹಾರಿಬಿದ್ದ. "ಕಂಬದ ಮ್ಯಾಲ ನಾವು ಹಾಕೋ ಪಿಂಗಾಣಿನೇ ಅಲ್ಲೇನು ಅದು! ಹಂಗಾದ್ರ ನಿಂದೂ ನಂದೂ ಒಂದೇ ಡ್ಯೂಟಿ ಬಿಡಕ್ಕ."

ಮರುದಿನದಿಂದ ಅವನ ಜೊತೆಗಾರರಿಗೆಲ್ಲ ನಾನು ವೈರಸ್ಸಿಗೆ ಪಿಂಗಾಣಿ ಹಾಕುವ ಅಕ್ಕ. ನನಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಪ್ರಯೋಗಾಲಯದಲ್ಲಿ ನನ್ನ ಬೆನ್ನ ಹಿಂದೆ ನಾನು ಯಾವ ಕೋಟಾದಲ್ಲಿ ಬಂದವಳು ಎಂಬುದೇ ಮಾತಾಗುತ್ತಿತ್ತು. ಮಾನ್ವಿಯ ಲೈನ್‌ಮನ್‌ಗಳು ಮಾತ್ರ ನಾನು ಏನು ಮಾಡುತ್ತೇನೆ ಎಂದು ಕೇಳುತ್ತಿದ್ದರು.

ಆ ಕೆಲಸದಲ್ಲಿ ಮಾಡುವುದು ಕಡಿಮೆ, ಕಾಯುವುದು ಹೆಚ್ಚು. ಇಲಿಗಳ ಎಲುಬಿನೊಳಗೆ ರಕ್ತ ತಯಾರಿಸುವ ಮಜ್ಜೆಯ ಕೋಶಕ್ಕೆ ನಾವು ತಿದ್ದಿದ ವೈರಸ್ಸನ್ನು ಸೇರಿಸಿ, ಆ ಕೋಶಗಳನ್ನು ಬೇರೆ ಇಲಿಗಳಿಗೆ ಕೊಟ್ಟು, ಒಂದು ವರ್ಷಕ್ಕೂ ಮೇಲೆ ಅವು ಚೆನ್ನಾಗಿವೆಯೇ ಎಂದು ನೋಡುತ್ತಿರಬೇಕು. ತೂಕ ನೋಡುವುದು, ಹೊಟ್ಟೆ ಮುಟ್ಟಿ ನೋಡುವುದು, ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆಯುವುದು. ಹನ್ನೆರಡು ತಿಂಗಳು ಮುಗಿದಾಗ ಎಲ್ಲವೂ ಚೆನ್ನಾಗಿದ್ದವು. ನಮ್ಮ ಗೈಡು ಪ್ರಯೋಗಾಲಯಕ್ಕೆಲ್ಲ ಸಮೋಸ ತರಿಸಿದರು. ನಾನು ಊರಿಗೆ ಫೋನು ಮಾಡಿ, ಮಾಡಬಾರದಿತ್ತು, ಚಲೋ ನಡೆದಿದೆ ಎಂದು ಹೇಳಿದೆ. ಅಕ್ಕನ ಮಗಳು ಅತ್ತಳು. ಅವಳ ಮಗಳಿಗೆ ಆಗ ನಾಲ್ಕು ವರ್ಷ.

ಹದಿಮೂರನೇ ತಿಂಗಳಲ್ಲಿ ಒಂದು ಇಲಿ ಮೂಲೆ ಹಿಡಿದು ಕೂತಿತು. ಮೈಯ ಕೂದಲು ನಿಮಿರಿತ್ತು. ಎತ್ತಿ ಹೊಟ್ಟೆ ಮುಟ್ಟಿದೆ, ಎಡಗಡೆ ರಕ್ತ ಸೋಸುವ ಗುಲ್ಮ ಉಬ್ಬಿ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ನಮ್ಮ ಹುಡುಗಿಯ ಪಕ್ಕೆಯ ಕೆಳಗೆ ಡಾಕ್ಟರು ಒತ್ತಿ ನೋಡುವುದೂ ಅದನ್ನೇ. ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ನೋಡಿದೆ, ಕ್ಯಾನ್ಸರು.

ಗೈಡು ಕೆಟ್ಟವರಲ್ಲ. ಇಲಿಗಳಿಗೆ ಮಜ್ಜೆ ಕೊಡುವ ಮೊದಲು ವಿಕಿರಣ ಹಾಕಿರುತ್ತೇವೆ, ಅದರಿಂದಲೇ ಒಂದೊಂದಕ್ಕೆ ಹೀಗಾಗುವುದುಂಟು, ಅಷ್ಟರೊಳಗೆ ಗಾಬರಿ ಬೇಡ ಎಂದರು. ಅದು ನಿಜವೂ ಹೌದು. ಅಲ್ಲಿಗೇ ಬಿಡಬಹುದಿತ್ತು. ವೈರಸ್ಸು ಎಲ್ಲಿ ಕೂತಿದೆ ಎಂದು ನೋಡುವ ಹಟ ನನ್ನದೇ. ಎರಡು ತಿಂಗಳು ಅದರ ಬೆನ್ನು ಹತ್ತಿದೆ. ಬೆಳವಣಿಗೆಯ ಜೀನಿನ ಪಕ್ಕದಲ್ಲೇ ಕೂತಿತ್ತು. ಸ್ವಿಚ್ಚು ಕತ್ತರಿಸಿದ್ದೆವು, ಪಿಂಗಾಣಿ ಹಾಕಿದ್ದೆವು, ಆದರೂ ಪಕ್ಕದ ಜೀನು ಹೊತ್ತಿ ಉರಿಯುತ್ತಿತ್ತು. ಮತ್ತೊಮ್ಮೆ ಮಾಡಿದೆ. ತಪ್ಪಾಗಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತ ಮೂರನೇ ಸಲವೂ ಮಾಡಿದೆ. ಉತ್ತರ ಅದೇ ಬಂತು. ಬರೆದು ಕೊಟ್ಟೆ. ಗೈಡು ಓದಿ ಸಹಿ ಹಾಕಿದರು. ಆ ವರ್ಷವೇ ಮೇಲಿನವರು ಯೋಜನೆಯನ್ನು ಮುಚ್ಚಿದರು.

ನಾನು ಮಾಡಿದ್ದು ಸರಿ. ಇದನ್ನು ಎಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ. ಆದರೆ ಊರಿಗೆ ಬಂದು ಹೇಳುವ ಧೈರ್ಯ ಬರಲಿಲ್ಲ. ರಾಯಚೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಬಂದೆ. ಹುಡುಗಿಯ ಆಸ್ಪತ್ರೆಗೆ ಹತ್ತಿರವಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಮದ್ದಿನ ಕೆಲಸ ಎಂದು ತಮ್ಮ ಕೇಳಿದಾಗ, "ಅಲ್ಲಿ ನಡದದ," ಎಂದೆ. ಬೇರೆ ಬೇರೆ ಕಡೆ ಬೇರೆಯವರು ಮಾಡುತ್ತಿದ್ದರು, ಆ ಅರ್ಥದಲ್ಲಿ ನಡೆದೇ ಇತ್ತು. ಮುಂದೆ ಹೊರದೇಶದಲ್ಲಿ ಅಂಥ ಚಿಕಿತ್ಸೆ ಬಂದ ಸುದ್ದಿಯನ್ನು ಅವನೇ ಮೊಬೈಲಿನಲ್ಲಿ ಓದಿ ತೋರಿಸಿದ. ಅದರ ಬೆಲೆ ಓದಿ ಮೊಬೈಲು ಜೇಬಿಗಿಟ್ಟ.

"ಅವರದ ಬಿಡು. ನಿಮ್ಮದು, ನಮ್ಮಂಥಾರಿಗಿ ಎಟಕೋದು, ಅದು ಯಾವಾಗ?"

"ಬರತದ," ಎಂದೆ.

ಹುಡುಗಿಗೆ ಏಳು ತುಂಬಿದ ವರ್ಷ, ಬೇಸಿಗೆಯ ಹೊತ್ತಿಗೆ, ರಕ್ತದ ದಿನ ಅವಳನ್ನು ತಮ್ಮನೇ ಕರೆತರತೊಡಗಿದ. ಹೆಂಡತಿಗೆ ಸೊಂಟ ನೋವು, ಬಸ್ಸಿನ ಧಕ್ಕೆ ಆಗುವುದಿಲ್ಲ ಎಂದ. ನಾನು ನೋವಿನ ಎಣ್ಣೆ ಕೊಟ್ಟು ಕಳಿಸಿದೆ. ಮುಂದಿನ ಸಲವೂ ಸೊಂಟ ನೋವು. ಅದರ ಮುಂದಿನ ಸಲವೂ. ಇಪ್ಪತ್ತು ವರ್ಷ ಜೀವಶಾಸ್ತ್ರ ಓದಿದ ಈ ಮಹಾತಾಯಿಗೆ ಅನುಮಾನವೇ ಬರಲಿಲ್ಲ. ಮಳೆಗಾಲ ಮುಗಿಯುವಾಗ ದೇವದುರ್ಗದಿಂದ ಅಕ್ಕನ ಫೋನು: "ನಾಡದು ಕುಬಸ ಇಟ್ಕೊಂಡೀವಿ, ಬಾ."

ಕುಬಸ ಎಂದರೆ ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಶಾಸ್ತ್ರ. ಯಾರ ಕುಬಸ ಎಂದು ಕೇಳಬೇಕಾಗಿರಲಿಲ್ಲ.

ದೇವದುರ್ಗಕ್ಕೆ ಹೋದಾಗ ಅಕ್ಕನ ಮಗಳು ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟು, ಮಣೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ನಕ್ಕಳು. ಹೆಂಗಸರು ಹಾಡು ಶುರುಮಾಡುವ ಮೊದಲು ಅವಳನ್ನು ಒಳಕೋಣೆಗೆ ಕರೆದೆ.

"ನನಗ್ಯಾಕ ಹೇಳಲಿಲ್ಲ?"

"ಆಯಿ ಬ್ಯಾಡ ಅಂದ್ಲು." ಆಯಿ ಎಂದರೆ ನನ್ನ ಅವ್ವ. "ಮೊದಲನೇದು ಎಲ್ಲಾರ ಕಿವಿಗೂ ಬಿದ್ದು ಹಿಂಗಾತು, ಈ ಸಲ ಕುಬಸದ ತನಕ ಯಾರಿಗೂ ಗೊತ್ತಾಗಬಾರದು ಅಂದ್ಲು."

"ನಾ ಯಾರೋ ಆದ್ನೇನು?"

ಅವಳು ಬಳೆಗಳನ್ನು ಮೇಲೆ ಕೆಳಗೆ ಮಾಡಿದಳು. ಆಮೇಲೆ ನನ್ನ ಮುಖ ನೋಡಿಯೇ ಹೇಳಿದಳು, ಅಂಜಿ ಹೇಳಿದ ಮಾತಲ್ಲ ಅದು.

"ನಿನಗ ಹೇಳಿದ್ರ ಪರೀಕ್ಷಿ ಅಂತಿದ್ದಿ. ಪರೀಕ್ಷ್ಯಾಗ ಕೆಟ್ಟದ್ದು ಬಂದ್ರ ತಗಸು ಅಂತಿದ್ದಿ. ನನಗ ತಗಸಾಕ ಮನಸಿಲ್ಲ ಚಿಗವ್ವ. ಕೂಸು ಚಲೋ ಹುಟ್ಟಿದ್ರ ಅದರ ಮಜ್ಜಿ ದೊಡ್ಡಾಕಿಗಿ ಕೂಡಬಹುದು ಅಂತ ಡಾಕ್ಟರು ಹೇಳ್ಯಾರ. ಚಲೋ ಆಗಲಿಲ್ಲಂದ್ರೂ ಏನಾತು, ನಿನ್ನ ಮದ್ದು ಅದಲ್ಲ? ಹತ್ತು ವರ್ಷ ಅಂದಿದ್ದಿ, ಏಳಾದ್ವು. ಇನ್ನ ಮೂರು. ಈ ಕೂಸಿಗಿ ಮಾತು ಬರೂದ್ರಾಗ ಬಂದಿರತದ. ಇಬ್ಬರಿಗೂ ಒಮ್ಮೆಲೆ ಹಾಕಸಿದ್ರಾತು."

ಅವಳು ಎಣಿಸಿದ್ದಳು. ನಾನು ಬಾಯಿಗೆ ಬಂದಂತೆ ಆಡಿದ ಸಂಖ್ಯೆಯನ್ನು ಅವಳು ವರ್ಷ ವರ್ಷ ಕಳೆಯುತ್ತ ಬಂದಿದ್ದಳು. ಹೊರಗೆ ಅಕ್ಕ ಕರೆದಳು. ಏಳನೇ ತಿಂಗಳಲ್ಲಿ ಹೇಳಿ ಮಾಡುವುದಾದರೂ ಏನಿತ್ತು? ಅವಳ ಉಡಿಗೆ ಅಕ್ಕಿ ಕೊಬ್ಬರಿ ತುಂಬಿ, ಎಲ್ಲರ ಜೊತೆ ಆರತಿ ಹಾಡಿದೆ.

ಮರುವಾರ ಮಾನ್ವಿಗೆ ಹೋಗಿ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಇಲಿ, ಗುಲ್ಮ, ಮೂರು ಸಲ ನೋಡಿದ್ದು, ಬರೆದುಕೊಟ್ಟಿದ್ದು, ಮುಚ್ಚಿದ್ದು. ಅವನು ಪೂರ್ತಿ ಕೇಳಿದ. ಕೇಳಿ ಕೆಂಡವಾದ.

"ಎಷ್ಟು ಇಲಿ ಸತ್ವು?"

"ಒಂದು."

"ಒಂದು ಇಲಿ! ಒಂದು ಇಲಿ ಸತ್ತಿದ್ದಕ್ಕ ನನ್ನ ಮಗಳ ಮದ್ದು ನಿಲ್ಲಿಸಿ ಬಂದೇನು?"

ನನಗೂ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಯಾರೂ ಸಿಟ್ಟಿಗೆ ಕಡಿಮೆಯವರಲ್ಲ. ಲೈನ್‌ಮನ್‌ಗಳಲ್ಲಿ ಒಂದು ಕಟ್ಟುನಿಟ್ಟು ಉಂಟು: ಸ್ಟೇಷನ್ನಿನಿಂದ ಕರೆಂಟು ತೆಗೆಸಿ, ಲೈನ್ ಕ್ಲಿಯರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆಯೇ ಕಂಬ ಹತ್ತುವುದು. ಎಲ್‌ಸಿ ಎನ್ನುತ್ತಾರೆ. ಊರಿಗೆ ಊರೇ ಕತ್ತಲಲ್ಲಿ ಕೂತು ಬೈದರೂ ನನ್ನ ತಮ್ಮ ಎಲ್‌ಸಿ ಇಲ್ಲದೆ ಕಾಲು ಎತ್ತಿದವನಲ್ಲ.

"ಎಲ್‌ಸಿ ಇಲ್ಲದ ಕಂಬ ಹತ್ತತೀಯೇನು ನೀ?" ಎಂದೆ. "ನೂರು ಸಲ ಏನೂ ಆಗಿಲ್ಲ, ಒಂದೇ ಸಲ ಹೊಡದದ ಅಂದ್ರ ಹತ್ತತೀಯೇನು, ಹೇಳು!"

ಅವನ ದನಿ ಇಳಿಯಿತು.

"ಇಲ್ಲ. ಹತ್ತಂಗಿಲ್ಲ. ಆದ್ರ ಕಂಬದ ಮ್ಯಾಲ ನನ್ನ ಮಗಳು ಸಿಕ್ಕೊಂಡಿದ್ರ ಹತ್ತತೀನಿ ಅಕ್ಕ. ಎಲ್‌ಸಿ ಗಿಲ್‌ಸಿ ನೋಡಂಗಿಲ್ಲ. ನೀನೂ ನೋಡತಿರಲಿಲ್ಲ, ನಿನ್ನ ಹೊಟ್ಟ್ಯಾಗ ಹುಟ್ಟಿದ್ದರ."

ಆ ಔಷಧಿ ಹಾಕಿದ್ದರೆ ಅವಳಿಗೆ ಕ್ಯಾನ್ಸರು ಬರಬಹುದಿತ್ತು, ಬರದೆಯೂ ಇರಬಹುದಿತ್ತು. ಇಲಿಯ ವಿಷಯದಲ್ಲಿ ನಾನು ನಿಂತ ನಿಲುವು ತಪ್ಪಲ್ಲ ಎಂದು ಅವನಿಗೂ ಗೊತ್ತು. ಅವನು ಮುಂದೆ ಕೇಳಿದ್ದು ಬೇರೆ ಪ್ರಶ್ನೆ: "ಅವತ್ತ ಮುಚ್ಚಿದ ದಿನಾನ ಹೇಳಿದ್ರ ಏನಾಗತಿತ್ತು? ಮದ್ದಿಲ್ಲ ಅಂತ ಗೊತ್ತಿದ್ರ ಆಕಿ ಪರೀಕ್ಷಿಗಿ ಹೋಗತಿದ್ಲು. ನಾನೇ ಕರ್ಕೊಂಡು ಹೋಗತಿದ್ದೆ." ಹೇಳಿ, ಬೈಕು ಹತ್ತಿ ಡ್ಯೂಟಿಗೆ ಹೋದ. ನಾನು ಅವನ ಅಂಗಳದಲ್ಲಿ ಕೂತೇ ಇದ್ದೆ. ಸೊಸೆ ಹೆರಿಗೆಗೆ ಹೋದಳೆಂದು ಮಾನ್ವಿಗೆ ಬಂದಿದ್ದ ಅವ್ವ ಚಹಾ ತಂದಿಟ್ಟಳು, ಆರಿಹೋಯಿತು.

ಹೆಂಡತಿಗೆ ಅವನೇ ಹೇಳಿದನಂತೆ. ಹೆರಿಗೆಯಾಗುವವರೆಗೆ ಅವಳಿಂದ ನನಗೆ ಫೋನು ಬರಲಿಲ್ಲ. ದೇವದುರ್ಗದಲ್ಲಿ ಹೆಣ್ಣುಕೂಸು ಹುಟ್ಟಿತು, ಮೈಕೈ ತುಂಬಿಕೊಂಡು, ದೊಡ್ಡವಳ ಹಾಗೆ ಅಗಲ ಹಣೆ. ಹುಟ್ಟಿದಾಗ ಈ ಕಾಯಿಲೆಯ ಕೂಸುಗಳು ಹಾಗೇ ಇರುತ್ತವೆ, ಕೆಲವು ತಿಂಗಳಾದ ಮೇಲೆಯೇ ಬಣ್ಣ ಇಳಿಯುವುದು. ನಾನು ಕೂಸನ್ನು ಎತ್ತಿಕೊಂಡು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ನನ್ನ ಕೈಯಿಂದ ತಾಯಿ ಮೆತ್ತಗೆ ಕೂಸನ್ನು ತೆಗೆದುಕೊಂಡಳು.

ಎರಡು ತಿಂಗಳಿಗೆ ರಕ್ತದ ಹನಿಯನ್ನು ಹೈದರಾಬಾದಿನ ಹಳೆಯ ಸಹೋದ್ಯೋಗಿಗೆ ಕಳಿಸಿದೆ. ಜೀನನ್ನೇ ನೋಡುವ ಪರೀಕ್ಷೆ, ಕಾಯುವುದು ಬೇಕಿಲ್ಲ. ಇಂಥ ತಂದೆ ತಾಯಿಗೆ ಕಾಯಿಲೆಯ ಕೂಸು ಹುಟ್ಟುವುದು ನಾಲ್ಕರಲ್ಲಿ ಒಂದು ಪಾಲು ಎಂದು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಚೌಕ ಹಾಕಿ ಪ್ರತಿ ವರ್ಷ ಕಲಿಸುತ್ತೇನೆ. ಮೂರು ಪಾಲು ನಮ್ಮ ಕಡೆಗಿತ್ತು. ವರದಿ ನನ್ನ ಮೊಬೈಲಿಗೆ ಬಂದಾಗ ಎರಡನೇ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ತೆರೆದು ನೋಡಿದೆ. ಎರಡೂ ಕಡೆಯ ಜೀನು ಕೆಟ್ಟಿತ್ತು, ದೊಡ್ಡವಳದೇ ನಕಲು. ಪಾಠವನ್ನು ಗಂಟೆ ಹೊಡೆಯುವವರೆಗೂ ಮಾಡಿದೆ, ಹೇಗೆ ಮಾಡಿದೆನೋ ನೆನಪಿಲ್ಲ.

ಈ ಸಲ ಮುಚ್ಚಿಡಲಿಲ್ಲ. ಅವತ್ತೇ ಮಾನ್ವಿಗೆ ಹೋಗಿ ಹೇಳಿದೆ. ಅಕ್ಕನ ಮಗಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅದು ಅವಳಿಗೂ ಗೊತ್ತಿದ್ದಂತಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು, "ದೊಡ್ಡಾಕಿ ಮಾತ್ರಿ ಮುಗದಾವ, ಬರುವಾಗ ತಗೊಂಡು ಬಾ ಚಿಗವ್ವ," ಎಂದಳು. ದೊಡ್ಡವಳ ಯಕೃತ್ತಿನಲ್ಲಿ ಆಗಲೇ ಕಬ್ಬಿಣ ಬಹಳ ಕೂತಿತ್ತು. ಇನ್ನು ಯಾವ ದೊಡ್ಡ ಚಿಕಿತ್ಸೆಗೂ ಈ ಮೈ ತಾಳುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದನ್ನೂ ಹೇಳಿದೆ. ಹೇಳುವುದು ಈಗ ಸುಲಭವಾಗಿಬಿಟ್ಟಿದೆ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ಹೋದ ತಿಂಗಳು ಚಿಕ್ಕದಕ್ಕೆ ಮೊದಲ ಸಲ ರಕ್ತ ಹಾಕಿಸಿದೆವು. ಒಂದೇ ಮಂಚದ ಮೇಲೆ ಇಬ್ಬರೂ. ದೊಡ್ಡವಳಿಗೆ ಅವತ್ತು ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವ, ಅವಳಿಗೆ ಆಗಾಗ ರಕ್ತ ಕೊಡುವ ಚಾಚಾ ಒಬ್ಬರು ಬಂದು ರಕ್ತ ಕೊಟ್ಟು ಹೋಗಿದ್ದರು, ಚಿಕ್ಕದಕ್ಕೆ ಬ್ಲಡ್ ಬ್ಯಾಂಕಿನಲ್ಲೇ ಸಿಕ್ಕಿತು. ಕೂಸಿನ ನರ ಸಿಗದೆ ನರ್ಸು ಎರಡು ಸಲ ಚುಚ್ಚಿದರು. ಕೂಸು ಉಸಿರು ಕಟ್ಟಿ ಅತ್ತಿತು. ತಾಯಿ ಗೋಡೆಯ ಕಡೆ ತಿರುಗಿ ನಿಂತಳು. ನಾನು ಕೂಸಿನ ಕಾಲು ಹಿಡಿದುಕೊಂಡಿದ್ದೆ.

ದೊಡ್ಡವಳು ತನ್ನ ಸೂಜಿ ಅಲುಗದಂತೆ ಮೊಣಕೈ ಮಡಚದೆ ಸರಿದು ಬಂದಳು.

"ಅಲ್ಲಿ ಸಿಗಂಗಿಲ್ಲರೀ ಅಕ್ಕೋರೆ," ಎಂದು ನರ್ಸಿಗೆ ಹೇಳಿದಳು. "ಪಾದದ ಮ್ಯಾಲ ನೋಡ್ರಿ. ಮೊದ್ಲು ಬಿಸಿ ಬಟ್ಟಿ ಇಡ್ರಿ, ಆಗ ಎದ್ದು ಕಾಣತದ. ನಂದೂ ಸಣ್ಣಾಕಿದ್ದಾಗ ಅಲ್ಲೇ ಹಾಕತಿದ್ರು."

ನರ್ಸು ಹಾಗೇ ಮಾಡಿದರು. ನರ ಸಿಕ್ಕಿತು. ಅವಳು ಖಾಲಿ ಇದ್ದ ಕೈಯಿಂದ ಕೂಸಿನ ಹಣೆ ಸವರುತ್ತ, ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಅಳಬ್ಯಾಡ ತಂಗಿ. ರೂಢಿ ಆಗತದ."